ಬೆಣ್ಣೆ ದೋಸೆ ತಿಂದದ್ದು ಪ್ಯಾಂಕ್ರಿಯಾಸ್‌ಗೆ ಗೊತ್ತಾಗೋದು ಹೇಗೆ?

ನೀವು ಕೇಳಿದ್ದು ಇದು: ದೋಸೆ ಇಳಿಯುವುದು ಹೊಟ್ಟೆಗೆ, ಪ್ಯಾಂಕ್ರಿಯಾಸ್, ಅಂದರೆ ಮೇದೋಜ್ಜೀರಕ ಗ್ರಂಥಿ, ಇರುವುದು ಅದರ ಹಿಂದೆ. ಊಟ ಬಂತು, ರಸ ಬಿಡು ಅಂತ ಅದಕ್ಕೆ ಹೇಳುವವರು ಯಾರು?

ಸಣ್ಣ ಕರುಳು. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೇದೋಜ್ಜೀರಕ ಗ್ರಂಥಿ ಅಂದ ಕೂಡಲೇ ಇಡೀ ಕ್ಲಾಸು "ಇನ್ಸುಲಿನ್ ಸಾರ್" ಅನ್ನುತ್ತದೆ. ಆ ಗ್ರಂಥಿಯ ಬಹುಪಾಲು ಇರುವುದು ಜೀರ್ಣರಸಕ್ಕೆ. ದಿನಕ್ಕೆ ಒಂದು ಲೀಟರಿಗೂ ಜಾಸ್ತಿ ಬಿಡುತ್ತದೆ, ಪಾಪ, ಅದನ್ನು ಯಾರೂ ನೆನೆಯುವುದಿಲ್ಲ.

ನುರಿದ ದೋಸೆ ಜಠರದಿಂದ ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿನ ಮೊದಲ ಭಾಗಕ್ಕೆ, ಅಂದರೆ ಡ್ಯುವೋಡಿನಮ್‌ಗೆ ಇಳಿಯುತ್ತದೆ. ಜಠರದ ಆಸಿಡ್ ಬೆರೆತು ಅದು ವಿಪರೀತ ಹುಳಿ. ಅಲ್ಲಿ ಪಿಎಚ್ (ಇದು ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 4.5ಕ್ಕಿಂತ ಕೆಳಗೆ ಹೋದರೆ ಕರುಳಿನ ಒಳಪದರದ ಕೆಲವು ಕೋಶಗಳು ಸೆಕ್ರೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ತಮಾಷೆ ನೋಡಿ, ಪ್ಯಾಂಕ್ರಿಯಾಸಿನ ತಲೆ ಇರುವುದು ಡ್ಯುವೋಡಿನಮ್‌ನ ಮಡಿಲಲ್ಲೇ. ಆದರೂ ಸುದ್ದಿ ಲಿವರ್, ಹೃದಯ, ಶ್ವಾಸಕೋಶ ಎಲ್ಲ ಸುತ್ತಿಕೊಂಡು ಬರಬೇಕು! ಬಂದ ಮೇಲೆ ಪ್ಯಾಂಕ್ರಿಯಾಸಿನ ನಾಳದ ಕೋಶಗಳು ಬೈಕಾರ್ಬನೇಟ್ ತುಂಬಿದ ನೀರು ಬಿಡುತ್ತವೆ, ಹೆಚ್ಚೂಕಡಿಮೆ ಅಡುಗೆ ಸೋಡಾದ ನೀರೇ. ಹುಳಿ ಮುರಿಯುತ್ತದೆ, ಸೆಕ್ರೆಟಿನ್ನೂ ತಾನಾಗಿ ಇಳಿಯುತ್ತದೆ.

ಬೆಣ್ಣೆಯ ಸುದ್ದಿ ಒಯ್ಯುವುದು ಬೇರೆ ಹಾರ್ಮೋನು, ಕೊಲೆಸಿಸ್ಟೊಕೈನಿನ್. ಕರುಳಿಗೆ ಕೊಬ್ಬು, ಪ್ರೋಟೀನು ಬಂದರೆ ಅದು ಹೊರಡುತ್ತದೆ. ಅದರಿಂದ ಪ್ಯಾಂಕ್ರಿಯಾಸ್ ಆಹಾರ ಒಡೆಯುವ ಎನ್ಜೈಮುಗಳನ್ನು ಬಿಡುತ್ತದೆ, ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಜಠರ ಖಾಲಿಯಾಗುವುದು ನಿಧಾನವಾಗುತ್ತದೆ. ಎರಡು ಬೆಣ್ಣೆ ದೋಸೆ ಹೊಡೆದರೆ ಮಧ್ಯಾಹ್ನದವರೆಗೆ ಹಸಿವಾಗದಿರುವುದರಲ್ಲಿ ಇದರ ಕೈವಾಡವೂ ಇದೆ.

ಇದು ಗೊತ್ತಾದ ಕಥೆ ನನಗೆ ಬಹಳ ಇಷ್ಟ. ಇದೆಲ್ಲ ನರಗಳ ಕೆಲಸ ಅಂತ ರಷ್ಯಾದ ವಿಜ್ಞಾನಿ ಪಾವ್ಲೋವ್ ನಂಬಿದ್ದರು. 1902ರ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ನಾಯಿಯ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕಡಿದು, ರಕ್ತನಾಳ ಮಾತ್ರ ಉಳಿಸಿ, ಒಳಗೆ ಆಸಿಡ್ ಹಾಕಿದರು. ನರ ಇಲ್ಲದಿದ್ದರೂ ಪ್ಯಾಂಕ್ರಿಯಾಸ್ ರಸ ತೊಟ್ಟಿಕ್ಕತೊಡಗಿತು. ಹಾಗಾದರೆ ಸುದ್ದಿ ರಕ್ತದಲ್ಲೇ ಹೋಗಿರಬೇಕು, ಅಲ್ವಾ? ಸ್ಟಾರ್ಲಿಂಗ್ ಕರುಳಿನ ಒಳಪದರ ಕೆರೆದರು, ಮರಳು ಮತ್ತು ಆಸಿಡ್ ಹಾಕಿ ಅರೆದರು, ಸೋಸಿದರು, ನಾಯಿಯ ರಕ್ತನಾಳಕ್ಕೆ ಚುಚ್ಚಿದರು. ಮತ್ತೆ ರಸ ಬಂತು. 'ಹಾರ್ಮೋನ್' ಎಂಬ ಪದವನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು ಆಮೇಲೆ, 1905ರಲ್ಲಿ.

ಪಾವ್ಲೋವ್ ಪೂರ್ತಿ ತಪ್ಪೇನಲ್ಲ. ಕಾವಲಿ ಮೇಲಿನ ಬೆಣ್ಣೆಯ ಘಮಕ್ಕೆ, ಒಂದು ತುತ್ತೂ ಇಳಿಯುವ ಮೊದಲೇ, ಪ್ಯಾಂಕ್ರಿಯಾಸ್ ಸ್ವಲ್ಪ ರಸ ಬಿಡುತ್ತದೆ. ಅದು ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಕೆಲಸ.