ಸಂಪಾದಕರ ಉತ್ತರ: ‘ಕೂದಲು ನೀಟಾಗಿರಲಿ’ ಅಂದದ್ದು ತಪ್ಪೇ?

ಡಲ್ಲಾಸ್ ಹತ್ತಿರದಿಂದ ಪತ್ರ ಬರೆದ ಸೋದರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಕೊಡುತ್ತೇನೆ. ನೀವು ಹುಬ್ಬಳ್ಳಿ ಕಡೆಯವರು. ಹದಿನಾಲ್ಕು ವರ್ಷದಿಂದ ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಈಗ ಒಂಬತ್ತು ಜನರ ತಂಡಕ್ಕೆ ಮ್ಯಾನೇಜರ್. ತಂಡದಲ್ಲಿ ಒಬ್ಬಳು ಕಪ್ಪು ಅಮೆರಿಕನ್ ಹುಡುಗಿ. ಸೇರಿದಾಗ ಅವಳ ಕೂದಲು ನೇರವಾಗಿ ಭುಜದ ಮೇಲೆ ಬೀಳುತ್ತಿತ್ತು. ಹೋದ ವರ್ಷದಿಂದ ಲಾಕ್ಸ್ ಬೆಳೆಸುತ್ತಿದ್ದಾಳೆ, ಅಂದರೆ ಸಣ್ಣ ಸಣ್ಣ ಎಳೆಯಾಗಿ ಹೊಸೆದು ಹಾಗೆಯೇ ಬಲಿಯಲು ಬಿಟ್ಟ ಕೂದಲು. ಕ್ಲೈಂಟ್ ಬರುವ ಹಿಂದಿನ ಸಂಜೆ ನೀವು ಅವಳಿಗೆ, ‘ನಾಳೆ ಕೂದಲು ಸ್ವಲ್ಪ ನೀಟಾಗಿ, ಪ್ರೊಫೆಷನಲ್ ಆಗಿರಲಿ’ ಎಂದಿರಿ. ಮರುದಿನ ಅವಳು ವಿಗ್ ಹಾಕಿಕೊಂಡು ಬಂದಳು. ಅಂದಿನಿಂದ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ನೀವು ಅವಳ ಕೆಲಸಕ್ಕೆ ಐದಕ್ಕೆ ಐದು, ‘ವೃತ್ತಿಪರ ನಡೆ’ಗೆ ಮೂರು ಹಾಕಿದ್ದೀರಿ, ಇನ್ನೂ ಕಳಿಸಿಲ್ಲ. ‘ನಾನೂ ಉದ್ದ ಜಡೆ ಕತ್ತರಿಸಿಕೊಂಡೇ ಬೆಂಗಳೂರಿಗೆ ಇಂಟರ್ವ್ಯೂಗೆ ಹೋದವಳು. ನಾನು ಹೊಂದಿಕೊಂಡೆ. ಅವಳಿಗೂ ಅದನ್ನೇ ಹೇಳಿದರೆ ತಪ್ಪೇ?’ ಎಂದು ಕೇಳಿದ್ದೀರಿ.

ತಪ್ಪು. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ ಎಂಬುದು ನಿಮ್ಮ ಪತ್ರ ಓದಿದರೇ ಗೊತ್ತಾಗುತ್ತದೆ, ಹಾಗಿದ್ದರೂ ತಪ್ಪೇ.

ನೀವು ಜಡೆ ಕತ್ತರಿಸಿದಾಗ ನಿಮ್ಮ ಕೂದಲು ನಿಮ್ಮ ಕೂದಲಾಗಿಯೇ ಉಳಿಯಿತು. ಎಣ್ಣೆ ಬಿಟ್ಟಿರಿ, ಉದ್ದ ಬಿಟ್ಟಿರಿ, ತಲೆಯಿಂದ ಬೆಳೆಯುವ ಎಳೆ ಬದಲಾಗಲಿಲ್ಲ. ಅವಳಿಂದ ‘ನೀಟು’ ಕೇಳುವುದೆಂದರೆ ಆ ಎಳೆಯನ್ನೇ ಬದಲಿಸು ಎನ್ನುವುದು. ಆಫ್ರಿಕನ್ ಮೂಲದವರ ಕೂದಲು ಬುಡದಲ್ಲೇ ಬಾಗಿಕೊಂಡು ಹುಟ್ಟುತ್ತದೆ, ಸ್ಪ್ರಿಂಗಿನ ಹಾಗೆ ಸುತ್ತುತ್ತ ಬೆಳೆಯುತ್ತದೆ. ನೆತ್ತಿಯ ಜಿಡ್ಡು ನಮ್ಮ ಕೂದಲಲ್ಲಿ ಸಲೀಸಾಗಿ ತುದಿಯವರೆಗೆ ಇಳಿದಂತೆ ಆ ಸುತ್ತುಗಳಲ್ಲಿ ಇಳಿಯುವುದಿಲ್ಲ. ಹಾಗಾಗಿ ಬೇಗ ಒಣಗುತ್ತದೆ, ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆದರೆ ಮುರಿಯುತ್ತದೆ. ಹೆಣೆಯುವುದು, ಹೊಸೆಯುವುದು, ಲಾಕ್ಸ್ ಬಿಡುವುದು ಅಂಥ ಕೂದಲನ್ನು ಕಾಪಾಡುವ ದಾರಿಗಳು. ಶೋಕಿಯೂ ಇರಬಹುದು, ಇದ್ದರೇನಂತೆ?

ಕೆಲವು ವರ್ಷದ ಹಿಂದೆ ಅಟ್ಲಾಂಟಾದಲ್ಲಿ ತಂಗಿಯ ಮನೆಯಲ್ಲಿ ಎರಡು ತಿಂಗಳಿದ್ದೆ. ಪಕ್ಕದ ಮನೆಯಾಕೆ ಒಂದು ಭಾನುವಾರ ಸಂಜೆ ಚಹಾಕ್ಕೆ ಕರೆದರು. ಆಕೆ ಸೋಫಾದ ಮೇಲೆ, ಏಳು ವರ್ಷದ ಮಗಳು ಕೆಳಗೆ ಅಮ್ಮನ ಎರಡು ಮೊಣಕಾಲುಗಳ ನಡುವೆ. ತಲೆಯನ್ನು ನಾಲ್ಕು ಪಾಲು ಮಾಡಿ ಮೂರನ್ನು ಕ್ಲಿಪ್ಪಿನಿಂದ ಎತ್ತಿ ಕಟ್ಟಿದ್ದರು. ಒಂದು ಪಾಲಿಗೆ ನೀರು ಚಿಮುಕಿಸಿ, ಬೆರಳಿಗೆ ಬೆಣ್ಣೆಯಂಥ ಕ್ರೀಮು ತೆಗೆದುಕೊಂಡು ಸವರಿ, ದೊಡ್ಡ ಹಲ್ಲಿನ ಬಾಚಣಿಗೆಯಿಂದ ಮೊದಲು ತುದಿ, ಆಮೇಲೆ ಸ್ವಲ್ಪ ಮೇಲೆ, ಕೊನೆಗೆ ಬುಡ. ಹುಡುಗಿ ‘ಆಹ್’ ಎಂದರೆ ಕೈ ನಿಲ್ಲುತ್ತಿತ್ತು. ನೆತ್ತಿಗೆ ಒತ್ತಿ ಹೆಣೆದ ಸಾಲುಗಳು, ಅವರು ಕಾರ್ನ್‌ರೋ ಎನ್ನುವುದು, ಒಂದೊಂದಾಗಿ ಬೈತಲೆ ತೆಗೆದ ಹಾಗೆ ಮೂಡಿದವು. ನಾನು ಕೂತಾಗ ಹೊರಗೆ ಬಿಸಿಲಿತ್ತು, ಮುಗಿದಾಗ ದೀಪ ಹಚ್ಚಿದ್ದರು. ನನ್ನಮ್ಮ ಇಸ್ಕೂಲಿಗೆ ಕಳಿಸುವಾಗ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಲು ಹತ್ತು ನಿಮಿಷ ಸಾಕಾಗುತ್ತಿತ್ತು. ಅಷ್ಟು ಹೊತ್ತು ಕೂತು ಮಾಡಿದ ಕೆಲಸವನ್ನು ಯಾರಾದರೂ ಗಲೀಜು ಎಂದರೆ ಆ ತಾಯಿಗೆ ಹೇಗಾಗಬೇಡ?

ಹಾಗಾದರೆ ಮೊದಲು ಅವಳ ಕೂದಲು ನೇರವಾಗಿದ್ದದ್ದು ಹೇಗೆ? ಬಿಸಿ ಕಬ್ಬಿಣದಿಂದಲೋ ರಿಲ್ಯಾಕ್ಸರ್ ಎಂಬ, ಕೂದಲು ನೇರ ಮಾಡುವ ರಾಸಾಯನಿಕದಿಂದಲೋ ಇರಬೇಕು. ರಿಲ್ಯಾಕ್ಸರ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ನಾವು ಕಾಸ್ಟಿಕ್ ಸೋಡ ಎನ್ನುವುದು. ನಿಮಿಷ ಲೆಕ್ಕ ಹಾಕಿ ತೊಳೆಯಬೇಕು, ತಡವಾದರೆ ನೆತ್ತಿ ಸುಡುತ್ತದೆ. ಹೊಸ ಕೂದಲು ಬೆಳೆದಂತೆ ಮತ್ತೆ ಹಚ್ಚಬೇಕು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 33,497 ಮಹಿಳೆಯರ ಅಧ್ಯಯನವೊಂದನ್ನು ಪ್ರಕಟಿಸಿದರು. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್, ಬಳಸದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡುಬಂದಿತ್ತು. ಇದೇ ಕಾರಣ ಎಂದು ಆ ಅಧ್ಯಯನ ಸಾಬೀತು ಮಾಡಿಲ್ಲ, ಅದನ್ನೂ ಹೇಳಬೇಕು. ಆದರೆ ಒಬ್ಬಳು ಹುಡುಗಿ ಇದೆಲ್ಲ ಸಾಕು ಎಂದು ನಿರ್ಧರಿಸಿ, ತನ್ನ ಕೂದಲು ಹೇಗೆ ಬೆಳೆಯುತ್ತದೋ ಹಾಗೆ ಬಿಟ್ಟ ವರ್ಷವೇ ಅವಳ ಮ್ಯಾನೇಜರ್ ‘ಪ್ರೊಫೆಷನಲ್ ಆಗಿರಲಿ’ ಎಂದರೆ ಅದು ಅವಳ ಕಿವಿಗೆ ಏನಾಗಿ ಕೇಳಿಸಿರಬಹುದು, ಯೋಚಿಸಿ.

ಅವಳು ಆ ಮಾತನ್ನು ನಿಮ್ಮಿಂದಲೇ ಮೊದಲು ಕೇಳಿರಲಾರಳು. 2010ರಲ್ಲಿ ಅಲಬಾಮಾದ ಮೊಬೀಲ್ ಎಂಬ ಊರಿನಲ್ಲಿ ಚಾಸ್ಟಿಟಿ ಜೋನ್ಸ್ ಎಂಬಾಕೆಗೆ ಒಂದು ಕಂಪನಿ ಗ್ರಾಹಕರ ಕರೆ ತೆಗೆದುಕೊಳ್ಳುವ ಕೆಲಸ ಕೊಟ್ಟಿತು. ಲಾಕ್ಸ್ ತೆಗೆಯದಿದ್ದರೆ ಆಗುವುದಿಲ್ಲ, ಅವು ಗಲೀಜಾಗುತ್ತವೆ, ನಿನ್ನವು ಹಾಗಿವೆ ಅಂತಲ್ಲ ಎಂಬರ್ಥದಲ್ಲಿ ಎಚ್‌ಆರ್‌ನವರು ಹೇಳಿದರು. ಆಕೆ ಒಪ್ಪಲಿಲ್ಲ, ಕೆಲಸ ಹೋಯಿತು. ಫೋನಿನಲ್ಲಿ ಮಾತಾಡುವ ಕೆಲಸಕ್ಕೆ! ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗವೇ ಆಕೆಯ ಪರ ದಾವೆ ಹೂಡಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು: ಮೈಬಣ್ಣ ಬದಲಾಯಿಸಲಾಗದು, ಕೇಶಶೈಲಿ ಬದಲಾಯಿಸಬಹುದು, ಆದ್ದರಿಂದ ಇದು ಜನಾಂಗ ಭೇದವಲ್ಲ ಎಂಬುದು ಅದರ ತರ್ಕ.

ಆ ತರ್ಕ ಮುರಿಯಲೆಂದೇ, ಕೂದಲ ಕಾರಣಕ್ಕೆ ಭೇದ ಮಾಡಬಾರದೆನ್ನುವ ಕ್ರೌನ್ ಕಾಯ್ದೆ ಬಂತು. 2019ರ ಜುಲೈನಲ್ಲಿ ಮೊದಲು ಕ್ಯಾಲಿಫೋರ್ನಿಯಾ, ಆಮೇಲೆ ಒಂದೊಂದೇ ರಾಜ್ಯ. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರಲ್ಲಿ ಕೆಳಮನೆಯಲ್ಲಿ ಪಾಸಾಯಿತು, ಸೆನೆಟ್ ದಾಟಲಿಲ್ಲ. ನಿಮ್ಮ ಟೆಕ್ಸಾಸ್‌ನಲ್ಲಿ 2023ರ ಸೆಪ್ಟೆಂಬರ್ 1ರಿಂದ ಕಾಯ್ದೆ ಜಾರಿಯಲ್ಲಿದೆ. ಜನಾಂಗದ ಜೊತೆ ಬಂದ ಕೂದಲಿನ ಗುಣ, ಹೆಣಿಗೆ, ಲಾಕ್ಸ್, ಟ್ವಿಸ್ಟ್ ಇವನ್ನು ಮುಂದಿಟ್ಟು ಕೆಲಸದಲ್ಲಿ ಭೇದ ಮಾಡಬಾರದು ಎನ್ನುತ್ತದೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಕೂದಲ ಕಾರಣಕ್ಕೆ ಕಳೆದುಹೋದ ಕೆಲಸಗಳು ಎಷ್ಟಿರಬೇಕು, ಇಂಥದಕ್ಕೂ ಕಾಯ್ದೆ ಬೇಕಾಯಿತಲ್ಲ, ಅದಕ್ಕೆ ಬರೆದೆ.

ಪತ್ರದಲ್ಲಿ ನೀವು ಬಳಸಿದ ಒಂದು ಪದದ ಬಳಿ ನಾನು ಬಹಳ ಹೊತ್ತು ನಿಂತೆ. ‘ಜಡೆಗಟ್ಟಿದ ಹಾಗೆ ಕಾಣುತ್ತದೆ’ ಎಂದು ಬರೆದಿದ್ದೀರಿ. ನಿಮ್ಮ ಊರಿಂದ ಸವದತ್ತಿ ದೂರವೇನಲ್ಲ. ಹುಡುಗಿಯ ತಲೆಯಲ್ಲಿ ಕೂದಲು ಗಂಟು ಬಿದ್ದರೆ ‘ಎಲ್ಲಮ್ಮ ಬಂದಾಳ’ ಎಂದು ಬಾಚಣಿಗೆ ಮುಟ್ಟಿಸದೆ, ಕೊನೆಗೆ ದೇವರಿಗೇ ಬಿಟ್ಟ ಮನೆಗಳನ್ನು ಆ ಸೀಮೆ ಕಂಡಿದೆ. 1982ರಲ್ಲಿ ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ಬಂದ ಮೇಲೂ ಆ ಜಡೆಯ ಭಯ ಹೋಗಲಿಲ್ಲ. ನೋಡಿದ ಕೂಡಲೆ ಅಳುಕು ಹುಟ್ಟುವುದು ಅಲ್ಲಿಂದ ಇರಬಹುದು, ನನಗೂ ಮೊದಲ ಸಲ ಹಾಗೇ ಆಗಿತ್ತು. ಆದರೆ ಆ ನೆನಪು ನಮ್ಮದು, ಅವಳದಲ್ಲ. ಅವಳು ಲಾಕ್ಸನ್ನು ತೊಳೆಯುತ್ತಾಳೆ, ಒಣಗಿಸುತ್ತಾಳೆ, ಬುಡ ಬೆಳೆದಂತೆ ಮತ್ತೆ ಹೊಸೆಯುತ್ತಾಳೆ, ರಾತ್ರಿ ರೇಷ್ಮೆಯಂಥ ಬಟ್ಟೆ ಸುತ್ತಿ ಮಲಗುತ್ತಾಳೆ.

ಇನ್ನು ಆ ವಿಗ್. ಕಪ್ಪು ಹೆಂಗಸರಿಗೆ ತಲೆ ಮುಚ್ಚಿಕೊಳ್ಳಿ ಎನ್ನುವುದು ಆ ನೆಲದಲ್ಲಿ ಹಳೆಯ ಮಾತು. 1786ರಲ್ಲಿ ಲೂಸಿಯಾನಾದ ಸ್ಪ್ಯಾನಿಷ್ ಗವರ್ನರ್, ಆ ಹೆಂಗಸರು ಕೂದಲಿಗೆ ಬಟ್ಟೆ ಕಟ್ಟಿಕೊಂಡೇ ಓಡಾಡಬೇಕೆಂದು ಆಜ್ಞೆ ಹೊರಡಿಸಿದ್ದ. ವಿಗ್ ಇಷ್ಟಪಟ್ಟು ಹಾಕುವವರು ಬಹಳ ಮಂದಿ ಇದ್ದಾರೆ, ಅದು ಬೇರೆ. ಅವಳು ಅಂದು ಹಾಕಿದ್ದು ನಿಮ್ಮ ಮಾತಿಗಾಗಿ. ಮತ್ತೆ, ಅದು ಮನುಷ್ಯರ ಕೂದಲಿನದಾಗಿದ್ದರೆ ನಮ್ಮ ಕಡೆಯದೇ ಇದ್ದೀತು. ತಿರುಪತಿಯ ಮುಡಿ ಹರಾಜಾಗಿ ಹೊರದೇಶಕ್ಕೆ ಹೋಗುವುದು ಎಲ್ಲರಿಗೂ ಗೊತ್ತು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲಿನದೇ ಉದ್ಯಮವಿದೆ. ಬಾಚಿದಾಗ ಉದುರಿದ್ದನ್ನು ಗೋಡೆಯ ಸಂದಿಗೆ ಸಿಕ್ಕಿಸಿ, ಬೀದಿಗೆ ಬಂದವನಿಗೆ ಕೊಟ್ಟು ನಮ್ಮ ಅಜ್ಜಿಯರು ಪಿನ್ನು, ಪಾತ್ರೆ ತೆಗೆದುಕೊಳ್ಳುತ್ತಿದ್ದರಲ್ಲ, ಅಂಥ ಕೂದಲನ್ನೂ ಬಿಡಿಸಿ, ಅಳತೆಗೆ ತಕ್ಕಂತೆ ವಿಂಗಡಿಸುವ ಹೆಂಗಸರು ನಮ್ಮ ನಾಡಿನಲ್ಲಿ ಸಾವಿರಾರು ಮಂದಿ ಇದ್ದಾರೆ. ನಮ್ಮವರು ಕೂತು ಬಿಡಿಸಿದ ಕೂದಲನ್ನೇ ಹೊದ್ದು ಆ ಹುಡುಗಿ ತನ್ನದನ್ನು ನಿಮ್ಮಿಂದ ಮರೆಮಾಡಿದ್ದಳೇನೋ ಎಂದು ಅನಿಸಿದಾಗ ನನಗೆ ಸಂಕಟವಾಯಿತು.

ನಿಮ್ಮ ಜಡೆಯ ವಿಷಯಕ್ಕೆ ಬರುತ್ತೇನೆ. ಕತ್ತರಿಸಿದ ದಿನ ಅಮ್ಮ ಅದನ್ನು ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು, ಈಗಲೂ ಅಲ್ಲೇ ಇದೆ ಎಂದು ಬರೆದಿದ್ದೀರಿ. ‘ಹೊಂದಿಕೊಂಡೆ’ ಎಂದು ಮುಗಿಸುವವರು ಆ ಟ್ರಂಕಿನ ಮಾತು ಬರೆಯುವುದಿಲ್ಲ. ನಿಮಗೂ ನೋವಾಗಿದೆ. ನಿಮಗೆ ಕೇಳಬಾರದ್ದನ್ನು ಕೇಳಿದರು ಎಂದು ಒಪ್ಪಿಕೊಂಡರೆ, ಅವಳಿಗೆ ಹೇಳಿದ್ದೂ ಹೇಳಬಾರದ್ದೇ ಎಂದು ತಾನಾಗಿ ತಿಳಿಯುತ್ತದೆ.

ಅವಳ ಹತ್ತಿರ ಮಾತಾಡಿ, ಚಿಕ್ಕದಾಗಿ. ‘ಅಂದು ನಿನ್ನ ಕೂದಲ ಬಗ್ಗೆ ನಾನು ಆಡಿದ ಮಾತು ತಪ್ಪು, ಕ್ಷಮಿಸು’ ಎಂದರೆ ಸಾಕು. ನಿಮ್ಮ ಜಡೆಯ ಕತೆ ಆಗ ಹೇಳಬೇಡಿ. ಹೇಳಿದರೆ ಅವಳು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಲಾಕ್ಸ್ ಬಗ್ಗೆ ಪ್ರಶ್ನೆ ಕೇಳಬೇಡಿ, ಚೆನ್ನಾಗಿದೆ ಎಂದು ಮುಟ್ಟಲೂ ಬೇಡಿ. ಅವಳು ಸುಮ್ಮನಿದ್ದರೆ ಸುಮ್ಮನಿರಲಿ. ಮುಂದಿನ ಸಲ ಕ್ಲೈಂಟ್ ಬಂದಾಗ ಅವಳು ಬರೆದ ಪ್ರೋಗ್ರಾಮನ್ನು ಅವಳ ಕೈಯಲ್ಲೇ ತೋರಿಸಿ.

ಅಪ್ರೈಸಲ್ ಕಳಿಸಲು ಈ ತಿಂಗಳ ಕೊನೆಯವರೆಗೆ ಸಮಯವಿದೆ ಎಂದಿದ್ದೀರಿ. ಹೊತ್ತಿಗೆ ಸರಿಯಾಗಿ ಬರುವವಳು, ಒಪ್ಪಿದ ದಿನಕ್ಕೆ ಕೆಲಸ ಮುಗಿಸುವವಳು, ಒಬ್ಬರ ಮೇಲೂ ದನಿ ಎತ್ತದವಳು ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಆ ಮೂರಕ್ಕೆ ಕೂದಲು ಬಿಟ್ಟು ಬೇರೆ ಕಾರಣ ಇದೆಯೇ? ಇಲ್ಲದಿದ್ದರೆ ಇವತ್ತೇ ತಿದ್ದಿ ಕಳಿಸಿ.

— ಸಂಪಾದಕಿ