ಬ್ಯಾಂಟಮ್‌ವೇಟ್: ಹೆಸರು ಒಂದೇ, ತೂಕ ಮೂರು

ಪ್ರಶ್ನೆ: ಬಾಕ್ಸಿಂಗ್ ಸುದ್ದಿಯಲ್ಲಿ ‘ಬ್ಯಾಂಟಮ್‌ವೇಟ್’ ಅಂತ ಓದ್ತಾ ಇರ್ತೀನಿ. ಒಂದು ಕಡೆ 53.5 ಕೆ.ಜಿ. ಅಂತಿದೆ, ಇನ್ನೊಂದು ಕಡೆ 54, ಮತ್ತೊಂದು ಕಡೆ 61. ಯಾವುದು ಸರಿ? ಬ್ಯಾಂಟಮ್ ಅಂದ್ರೆ ಏನು?

ಉತ್ತರ: ಮೂರೂ ಸರಿ. ತೂಗುವವರು ಬೇರೆ ಬೇರೆ, ಅಷ್ಟೇ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಈ ತೂಕದ ವರ್ಗದ ಗರಿಷ್ಠ ಮಿತಿ 118 ಪೌಂಡ್, ಅಂದರೆ ಹತ್ತಿರ ಹತ್ತಿರ 53.5 ಕೆ.ಜಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 54 ಕೆ.ಜಿ. ಇತ್ತು. ಆ 61 ಮಾತ್ರ ಬಾಕ್ಸಿಂಗ್‌ನದ್ದೇ ಅಲ್ಲ, ಎಂಎಂಎ ಲೆಕ್ಕ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಶ್ರ ಕಾಳಗದ್ದು. ಅದರ ಪಂದ್ಯ ನಡೆಸುವ ಯುಎಫ್‌ಸಿ ಕಂಪನಿಯವರು ಇದೇ ಹೆಸರನ್ನು 135 ಪೌಂಡಿಗೆ ಇಟ್ಟುಕೊಂಡಿದ್ದಾರೆ.

ಬ್ಯಾಂಟಮ್ ಅಂದರೆ ಕೋಳಿ ಸ್ವಾಮಿ! ಗಿಡ್ಡ ಜಾತಿಯ ಕೋಳಿ. ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಬಂದ ಹೆಸರು. ಈ ಹುಂಜ ನೋಡೋಕೆ ಅಂಗೈಯಗಲ, ಆದರೆ ಕತ್ತಿನ ಗರಿ ಕೆದರಿಕೊಂಡು ತನ್ನ ಎರಡರಷ್ಟಿರುವ ಹುಂಜದ ಮೇಲೂ ನುಗ್ಗುತ್ತದೆ, ಹಾಗಾಗಿ ಸಣ್ಣ ಮೈಯ ಜಗಳಗಂಟ ಬಾಕ್ಸರ್‌ಗೆ ಈ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ತಮಾಷೆ ಏನಂದ್ರೆ, ಇದರ ಕೆಳಗೆ ಫ್ಲೈವೇಟ್ 112 ಪೌಂಡ್, ಮೇಲೆ ಫೆದರ್‌ವೇಟ್, ಅಂದರೆ ಗರಿ ತೂಕ, 126. ಬಾಕ್ಸಿಂಗ್‌ನಲ್ಲಿ ಕೋಳಿಗಿಂತ ಗರಿಯೇ ಭಾರ!

ಮಧ್ಯೆ 122 ಪೌಂಡಿನ ವರ್ಗವೂ ಇದೆ. ಅದನ್ನು ಕೆಲವರು ಸೂಪರ್ ಬ್ಯಾಂಟಮ್ ಅಂತಾರೆ, ಕೆಲವರು ಜೂನಿಯರ್ ಫೆದರ್ ಅಂತಾರೆ. ಎರಡೂ ಒಂದೇ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಜಪಾನಿನ ನವೋಯಾ ಇನೌಯೆ 2022ರಲ್ಲಿ ಬ್ಯಾಂಟಮ್‌ನಲ್ಲಿ ನಾಲ್ಕು ಪ್ರಮುಖ ಸಂಸ್ಥೆಗಳ ಚಾಂಪಿಯನ್ ಬೆಲ್ಟ್‌ಗಳನ್ನೂ ಒಟ್ಟು ಮಾಡಿ, ಮರುವರ್ಷ 122ರಲ್ಲೂ ಅದನ್ನೇ ಮಾಡಿದರು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರಲ್ಲ. ‘ಬ್ಯಾಂಟಮ್‌ವೇಟ್ ಬಾಕ್ಸರ್’ ಅಂದರೆ ಅವನ ದಿನನಿತ್ಯದ ತೂಕ ಅಷ್ಟೇ ಅಂತಲ್ಲ. ವೃತ್ತಿಪರರನ್ನು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ತೂಗುತ್ತಾರೆ. ಬೆವರು ಹರಿಸಿ, ನೀರು ಬಿಟ್ಟು, ಕೆನ್ನೆ ಒಳಗೆ ಹೋಗಿರುವ ಮನುಷ್ಯ ತಕ್ಕಡಿ ಹತ್ತುತ್ತಾನೆ. ಅರ್ಧ ಪೌಂಡ್ ಜಾಸ್ತಿ ಬಂದರೆ ಸುತ್ತ ಟವೆಲ್ ಹಿಡಿಸಿ ಚಡ್ಡಿಯನ್ನೂ ಕಳಚಿ ಮತ್ತೆ ನಿಲ್ಲುವುದುಂಟು. ರಾತ್ರಿ ಕಳೆಯುವಷ್ಟರಲ್ಲಿ ಉಂಡು ಕುಡಿದು ಎಷ್ಟೋ ಪೌಂಡ್ ಏರಿರುತ್ತಾನೆ.

ಮಿತಿಯೊಳಗೆ ಬರದಿದ್ದರೆ? 2018ರಲ್ಲಿ ಟೋಕಿಯೋದಲ್ಲಿ ಬ್ಯಾಂಟಮ್‌ವೇಟ್ ಚಾಂಪಿಯನ್ ಲೂಯಿಸ್ ನೇರಿ ಮೊದಲ ಸಲ 123 ಪೌಂಡ್ ತೂಗಿದರು, ಮತ್ತೆ ಹತ್ತಿದಾಗ 121. ಬೆಲ್ಟ್ ತಕ್ಕಡಿಯ ಮೇಲೇ ಹೋಯಿತು. ಪಂದ್ಯ ಮಾತ್ರ ನಡೆಯಿತು, ಎದುರಾಳಿ ಯಮನಾಕಾ ಅವರನ್ನು ನೇರಿ ಎರಡನೇ ಸುತ್ತಿನಲ್ಲೇ ಸೋಲಿಸಿದರು. ಆದರೂ ಬೆಲ್ಟ್ ಯಾರಿಗೂ ಸಿಗಲಿಲ್ಲ.