ತೋಟ ಮಾರುವ ಮುನ್ನ ಮಗಳ ಕಣ್ಣು ತೋರಿಸಿ

ಪ್ರಶ್ನೆ: ದೇಶಕ್ಕೆ ಇನ್ನೂ 30,000 ಪೈಲಟ್‌ಗಳು ಬೇಕಂತೆ, ಕ್ಯಾಪ್ಟನ್‌ಗೆ ತಿಂಗಳಿಗೆ ಏಳೆಂಟು ಲಕ್ಷ ಸಂಬಳವಂತೆ. ಮಗಳು ಪಿಯುಸಿ ವಿಜ್ಞಾನ ಮುಗಿಸುತ್ತಿದ್ದಾಳೆ. ಎರಡು ಎಕರೆ ಅಡಿಕೆ ತೋಟ ಮಾರಿ ಅವಳನ್ನು ಪೈಲಟ್ ಮಾಡಬಹುದೇ?
– ಓದುಗರು, ಶಿರಸಿ

ಉತ್ತರ: ನಿಮ್ಮ ಕಿವಿಗೆ ಬಿದ್ದದ್ದು ಸುಳ್ಳಲ್ಲ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳನ್ನೂ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳನ್ನೂ ಖರೀದಿಸುವುದಾಗಿ ಘೋಷಿಸಿದವು. ಅಷ್ಟನ್ನು ಹಾರಿಸಲು ಜನ ಬೇಕೇ ಬೇಕು. ಆದರೆ ಕೊರತೆ ಇರುವುದು ಎಡಗಡೆಯ ಸೀಟಿನಲ್ಲಿ ಕೂರುವ ಕ್ಯಾಪ್ಟನ್‌ಗಳದ್ದು. ನಿಮ್ಮ ಮಗಳು ಸಾಲು ನಿಲ್ಲಬೇಕಾದದ್ದು ಸಹ ಪೈಲಟ್ ಕೂರುವ ಬಲಗಡೆಯ ಸೀಟಿಗೆ, ಅಲ್ಲಿ ನೂಕುನುಗ್ಗಲು. 2025ರ ಡಿಸೆಂಬರ್‌ನಲ್ಲಿ, ಪೈಲಟ್‌ಗಳ ವಿಶ್ರಾಂತಿ ಮತ್ತು ರಾತ್ರಿ ಹಾರಾಟದ ಹೊಸ ನಿಯಮಗಳು ಪೂರ್ತಿ ಜಾರಿಯಾದ ಬೆನ್ನಿಗೇ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತಲ್ಲ, ಆಗಲೂ ಕಡಿಮೆ ಬಿದ್ದವರು ಕ್ಯಾಪ್ಟನ್‌ಗಳೇ.

ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಸಾಕು. ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿಗೆ 1,500 ಗಂಟೆ. ಈ ಅಂತರವನ್ನು ದುಡ್ಡು ಕೊಟ್ಟು ದಾಟಲಾಗದು. ಕೆಲಸ ಸಿಕ್ಕಿ, ವರ್ಷಗಟ್ಟಲೆ ಹಾರಬೇಕು. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತಾಗ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕುತ್ತಾ ಇದೇ ಸಾಲಿಗೆ ಬಂದರು. ಅವರ ಮುಂದೆ ಹೊಸಬರನ್ನು ಕೇಳುವವರು ಯಾರು?

ಖರ್ಚು ದೇಶದೊಳಗೇ ಸುಮಾರು ಐವತ್ತು ಲಕ್ಷ. ಅದರ ಮೇಲೆ ಏರ್‌ಬಸ್ 320ರಂಥ ನಿರ್ದಿಷ್ಟ ವಿಮಾನ ನಡೆಸಲು ಕಲಿಸುವ 'ಟೈಪ್ ರೇಟಿಂಗ್'ಗೆ ಇನ್ನೊಂದು ಹದಿನೈದು ಇಪ್ಪತ್ತು ಲಕ್ಷ. ಸಂಬಳವಾದರೂ ನೀವು ಕೇಳಿದ ಏಳೆಂಟು ಲಕ್ಷದಿಂದ ಶುರುವಾಗುವುದಿಲ್ಲ. ಹೊಸ ಸಹ ಪೈಲಟ್‌ಗೆ ಒಂದೂವರೆ ಎರಡು ಲಕ್ಷದ ಆಸುಪಾಸು, ತರಬೇತಿಯ ತಿಂಗಳುಗಳಲ್ಲಿ ಇನ್ನೂ ಕಡಿಮೆ. ಅದರಲ್ಲೂ ದೊಡ್ಡ ಪಾಲು ಹಾರಾಟದ ಗಂಟೆಗಳ ಲೆಕ್ಕದ್ದು. ವಿಮಾನವು ನಿಲ್ದಾಣದ ತನ್ನ ಜಾಗ ಬಿಟ್ಟು ಕದಲಿದಾಗಿನಿಂದ, ಇಳಿದು ಇನ್ನೊಂದು ಜಾಗದಲ್ಲಿ ನಿಲ್ಲುವವರೆಗಿನ ಹೊತ್ತು ಮಾತ್ರ ಲೆಕ್ಕಕ್ಕೆ. ದೆಹಲಿಯ ಮಂಜಿನಲ್ಲಿ ಬಾಗಿಲು ಮುಚ್ಚಿ ಕದಲದೆ ಕಾದ ಎರಡು ತಾಸು ಆ ಲೆಕ್ಕಕ್ಕೆ ಬರುವುದಿಲ್ಲ. ಸಾಲ ಮಾಡಿದ್ದರೆ ಬ್ಯಾಂಕಿನ ಕಂತಿಗೆ ಮಂಜೂ ಇಲ್ಲ, ಮಳೆಯೂ ಇಲ್ಲ.

ಹಾಗಾದರೆ ಬೇಡವೆನ್ನುತ್ತೇನೆಯೇ? ಇಲ್ಲ. ತೋಟವನ್ನು ಈಗಲೇ ಮಾರಬೇಡಿ ಎನ್ನುತ್ತೇನೆ. ಮೊದಲು ವೈದ್ಯಕೀಯ ತಪಾಸಣೆ ಮಾಡಿಸಿ. ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಮಾನ್ಯತೆ ಪಡೆದ ವೈದ್ಯರಲ್ಲಿ ಎರಡನೇ ದರ್ಜೆಯದು, ಆಮೇಲೆ ಮೊದಲನೇ ದರ್ಜೆಯದು. ಈ ಮೊದಲನೇ ದರ್ಜೆಯದನ್ನು ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೂ ಮಾಡುತ್ತಾರೆ. ಕನ್ನಡಕವಿದ್ದರೆ ಗಾಬರಿ ಬೇಡ. ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಮಾತ್ರ ದಾರಿ ಅಲ್ಲಿಗೇ ಮುಚ್ಚಬಹುದು. ಅದು ಕೆಲವು ಸಾವಿರ ರೂಪಾಯಿಗಳಲ್ಲಿ ತಿಳಿಯಲಿ, ಎರಡು ಎಕರೆ ಕಳೆದ ಮೇಲಲ್ಲ. ನಂತರ ನ್ಯಾವಿಗೇಷನ್, ಹವಾಮಾನ, ವಿಮಾನಯಾನ ನಿಯಮಗಳ ಪರೀಕ್ಷೆಗಳನ್ನು ಮನೆಯಲ್ಲೇ ಓದಿ ಬರೆಯಲಿ. ಪಾಸಾದರೆ ಹಾರಾಟದ ಶಾಲೆ. ಟೈಪ್ ರೇಟಿಂಗ್‌ಗೆ ಯಾವುದಾದರೂ ಕಂಪನಿ ಆಯ್ಕೆ ಮಾಡಿಕೊಂಡ ಮೇಲಷ್ಟೇ ಹಣ ಕಟ್ಟಿ. 'ಹೆಣ್ಣುಮಗಳಿಗೆ ಇದೇಕೆ' ಎನ್ನುವ ನೆಂಟರಿಗೆ, ಮಹಿಳಾ ಪೈಲಟ್‌ಗಳ ಪ್ರಮಾಣದಲ್ಲಿ ಭಾರತ ಜಗತ್ತಿನ ಸರಾಸರಿಗಿಂತ ಬಹಳ ಮುಂದಿದೆ ಎಂದು ಹೇಳಿ ಕಾಫಿ ಕೊಡಿ.

ಶಾಲೆ ಜಕ್ಕೂರಿನದ್ದಿರಲಿ, ಮೈಸೂರು, ಕಲಬುರಗಿ, ಬೆಳಗಾವಿಯದ್ದಿರಲಿ, ಗೋಡೆಯ ಮೇಲಿನ ಟೋಪಿ ತೊಟ್ಟವರ ಫೋಟೊಗಳನ್ನು ನೋಡಿ ಮರುಳಾಗಬೇಡಿ. ಈ ಹೊತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಬೋಧಕರೆಷ್ಟು, ಕಳೆದ ಮಳೆಗಾಲದಲ್ಲಿ ಒಬ್ಬ ವಿದ್ಯಾರ್ಥಿ ತಿಂಗಳಿಗೆ ಎಷ್ಟು ಗಂಟೆ ಹಾರಿದ ಎಂದು ಕೇಳಿ. ಉತ್ತರವನ್ನು ಕಾಗದದಲ್ಲಿ ಬರೆದುಕೊಡದ ಶಾಲೆಗೆ ಮುಂಗಡ ಕಟ್ಟಬೇಡಿ.

– ಸಂಪಾದಕ